ನಾನೂರ ಹನ್ನೆರಡು ಮನೆಗಳ ಖಾರ

ಯಂತ್ರಕ್ಕೆ ಮೂಗು ಬಂದರೆ ಏನಾಗುತ್ತದೆ? ಕಾಲೇಜಿನಲ್ಲಿ ಮೇಷ್ಟ್ರು ಈ ಪ್ರಶ್ನೆ ಕೇಳಿದಾಗ, ‘ಮೊದಲು ನೆಗಡಿ ಆಗುತ್ತದೆ ಸರ್’ ಎಂದು ಹೇಳಿ ತರಗತಿಯಿಂದ ಹೊರಗೆ ನಿಂತವನು ನಾನು. ಮುಂದೆ ಯಂತ್ರಕ್ಕೆ ನಿಜವಾಗಿಯೂ ಮೂಗು ಬಂತು. ಮೊದಲು ಆಸ್ಪತ್ರೆಗಳಿಗೆ, ವಿಮಾನ ನಿಲ್ದಾಣಗಳಿಗೆ, ದೊಡ್ಡ ಕಾರ್ಖಾನೆಗಳಿಗೆ ಬಂತು. ಆಮೇಲೆ ಅಗ್ಗವಾಗಿ ಬ್ಯಾಡಗಿಯ ಶಿವಲೀಲವ್ವ ಮೆಣಸಿನಕಾಯಿ ಅವರ ಖಾರದ ಗಿರಣಿಗೂ ಬಂತು. ಮೆಣಸಿನಕಾಯಿ ಎನ್ನುವುದು ಅವರ ಅಡ್ಡಹೆಸರು. ಸ್ವಭಾವದಲ್ಲಿ ಆ ತಾಯಿ ಬೆಲ್ಲ, ಖಾರವೇನಿದ್ದರೂ ನನ್ನದು.

ನಾನು ದಾವಲಸಾಬ ನದಾಫ. ಸಣ್ಣ ಉದ್ದಿಮೆಗಳ ಮಾಹಿತಿ ರಕ್ಷಣಾ ಠಾಣೆಯಲ್ಲಿ ತಂತ್ರಜ್ಞ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಓಡುವ ಹಾಗೆ, ಅಂಗಡಿಯ ಯಂತ್ರದೊಳಗೆ ಕಳ್ಳ ಹೊಕ್ಕರೆ ನಾವು ಓಡಬೇಕು. ತಾಲೂಕಿಗೊಂದು ಇಂಥ ಠಾಣೆ ಆಗಿ ಆರು ವರ್ಷವಾಗಿತ್ತು. ಜನ ನಮ್ಮದನ್ನು ಬೀಗದ ಠಾಣೆ ಎಂದೇ ಕರೆಯುತ್ತಿದ್ದರು, ನನ್ನನ್ನು ಬೀಗದ ಸಿಡುಕ ಎನ್ನುತ್ತಿದ್ದರಂತೆ. ಸಿಡುಕದೆ ಇನ್ನೇನು? ಖಾನಾವಳಿಯವರು ಯಂತ್ರದ ಗುಪ್ತಪದವನ್ನು ಗೋಡೆಯ ಮೇಲೆ ಊಟದ ದರಪಟ್ಟಿಯ ಕೆಳಗೇ ಬರೆದಿಟ್ಟಿದ್ದರು. ಕೇಳಿದರೆ, ಇಲ್ಲದಿದ್ದರೆ ಮರೆತುಹೋಗುತ್ತದೆ ಎಂದರು. ದರ್ಜಿ ಅಂಗಡಿಯಲ್ಲಿ ಏಳು ಜನಕ್ಕೆ ಒಂದೇ ಗುಪ್ತಪದ, ಅದು ಮಾಲೀಕನ ಮಗಳ ಹೆಸರು. ಅಂಥವರ ಮುಂದೆ ನಾನು ದೊಡ್ಡ ಪಂಡಿತನಂತೆ ಹಾರಾಡುತ್ತಿದ್ದೆ. ಆ ಹಾರಾಟ ಹೇಗೆ ನಿಂತಿತು, ಶಿವಲೀಲವ್ವ ನನಗೆ ಎಂಥ ಉಪಕಾರ ಮಾಡಿದರು ಎನ್ನುವುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಮೂಗಿನ ವಿಚಾರ. ಸೇರಿನಷ್ಟು ದೊಡ್ಡ ಸ್ಟೀಲ್ ಡಬ್ಬಿ ಅದು. ಒಳಗೆ ಉಗುರಿಗಿಂತ ಚಿಕ್ಕದಾದ ಅರವತ್ತನಾಲ್ಕು ಬಿಲ್ಲೆಗಳು, ಒಂದೊಂದರ ಮೇಲೂ ಬೇರೆ ಬೇರೆ ಪ್ರೋಟೀನಿನ ಲೇಪ. ಹವೀಜ, ಅಂದರೆ ಕೊತ್ತಂಬರಿ ಬೀಜ, ಹುರಿದಾಗ ಏಳುವ ಕಣಗಳು ಕೆಲವು ಬಿಲ್ಲೆಗಳಿಗೆ ಅಂಟುತ್ತವೆ, ಲವಂಗದ ಕಣಗಳು ಬೇರೆ ಕೆಲವಕ್ಕೆ. ಅಂಟಿದಾಗ ಬಿಲ್ಲೆಯಲ್ಲಿ ಹರಿಯುವ ವಿದ್ಯುತ್ತು ಒಂದಿಷ್ಟು ಬದಲಾಗುತ್ತದೆ. ಆ ಅರವತ್ತನಾಲ್ಕು ಬದಲಾವಣೆಗಳನ್ನು ಸಾಲಾಗಿ ಬರೆದರೆ ಅದೇ ಆ ಖಾರದ ಬೆರಳಚ್ಚು. ಮುಂದಿನ ವರ್ಷ ಆ ಮನೆಯವರು ಮೆಣಸಿನಕಾಯಿ ತಂದು ಸುರಿದು ತಮ್ಮ ಹೆಸರಿನ ಗುಂಡಿ ಒತ್ತಿದರೆ ಸಾಕು. ಬಾಣಲೆಯ ಕಾವು, ಹವೀಜ, ಜೀರಿಗೆ, ಕೊಬ್ಬರಿ, ಗಸಗಸೆಯ ಅಳತೆ ಎಲ್ಲವನ್ನೂ ಯಂತ್ರವೇ ಹೊಂದಿಸಿಕೊಂಡು, ಬೆರಳಚ್ಚು ತಾಳೆಯಾಗುವವರೆಗೂ ಮೂಸಿ ಮೂಸಿ, ಹೋದ ವರ್ಷದ ಖಾರವನ್ನೇ ಮತ್ತೆ ಮಾಡಿಕೊಡುತ್ತಿತ್ತು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೇಸಿಗೆ ಬಂತೆಂದರೆ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಸಿಡುತ್ತಾರೆ. ಒಂದು ಮನೆಯದು ಇನ್ನೊಂದು ಮನೆಯದರಂತೆ ಇರುವುದಿಲ್ಲ. ಅಜ್ಜಿ, ಅತ್ತೆ, ತಾಯಿ ಎಂದು ಕೈಯಿಂದ ಕೈಗೆ ಬಂದ ಆ ಹದ ತಪ್ಪಿದರೆ ಗಂಡಸರು ತಾಟು ಸರಿಸಿ ಏಳುತ್ತಾರೆ. ಮೂಗು ಬಂದ ಮೇಲೆ ಹದ ತಪ್ಪುವ ಭಯ ಹೋಯಿತು. ಆರು ವರ್ಷದಲ್ಲಿ ನಾನೂರ ಹನ್ನೆರಡು ಮನೆಗಳ ಖಾರ ಆ ಡಬ್ಬಿಯ ನೆನಪಿನಲ್ಲಿ ಸೇರಿತು. ಹೆಂಗಸರು ಅಳತೆ ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟರು. ಎರಡು ಕಲ್ಲಿನ ಮಾಮೂಲಿ ಗಿರಣಿಯಾಗಿ ಮುಚ್ಚುವ ಹಂತಕ್ಕೆ ಬಂದಿದ್ದ ಅಂಗಡಿಗೆ ಮತ್ತೆ ಸಾಲುಗಟ್ಟಿ ಜನ ಬರತೊಡಗಿದರು. ಶಿವಲೀಲವ್ವನವರಿಗೆ ಬೇರೆ ಆಧಾರವಿರಲಿಲ್ಲ, ಗಿರಣಿ ನಡೆದರೆ ಅವರ ಮನೆ ನಡೆಯುತ್ತಿತ್ತು.

ಆ ನೆನಪಿಗೆ ಬೀಗ ಹಾಕಿಕೊಟ್ಟವನು ನಾನೇ. ಬೀಗದ ಕೀಲಿ ಎಂದರೆ ಹನ್ನೆರಡು ಸರಳ ಪದಗಳು. ಮೊರ, ನವಿಲು, ಕಿಟಕಿ, ಹೀಗೆ. ಅವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿದ್ದೆ. ಆ ಕ್ರಮದಲ್ಲಿ ಆ ಹನ್ನೆರಡು ಪದ ಹೇಳಿದವನಿಗೆ ಯಂತ್ರ ಒಡೆಯನೆಂದು ತಲೆಬಾಗುತ್ತದೆ.

ಯುಗಾದಿಗೆ ಹತ್ತು ದಿನ ಇರುವಾಗ, ಬೆಳಿಗ್ಗೆ ಹತ್ತರ ಸುಮಾರಿಗೆ ಶಿವಲೀಲವ್ವನವರ ಫೋನು ಬಂತು.

“ದಾವಲಣ್ಣ, ಲಗೂನ ಬರ್ರಿ. ಪರದೆ ಮ್ಯಾಲೆ ಏನೋ ಬರದೈತಿ. ಯಾವ ಗುಂಡಿ ಒತ್ತಿದ್ರೂ ಯಂತ್ರ ಏಳವಲ್ದು.”

ನಾನು ಹೋದಾಗ ಗಿರಣಿಯ ಅಂಗಳದಲ್ಲಿ ನಲವತ್ತು ಚೀಲ ಮೆಣಸಿನಕಾಯಿ, ಅಷ್ಟೇ ಹೆಂಗಸರು. ಒಳಗೆ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡದಲ್ಲಿ ಹೀಗಿತ್ತು: ‘ನಿಮ್ಮ 412 ಮನೆಗಳ ಪರಿಮಳ ಈಗ ನಮ್ಮ ಬಳಿ ಇದೆ. ಕೆಳಗಿನ ಒಪ್ಪಂದಕ್ಕೆ ಹೆಬ್ಬೆರಳು ಒತ್ತಿದರೆ ಗಿರಣಿ ತೆರೆಯುತ್ತದೆ. ಸಂಜೆ ಆರರೊಳಗೆ ಒತ್ತದಿದ್ದರೆ ಎಲ್ಲವನ್ನೂ ಅಳಿಸಲಾಗುವುದು. ಯಾರಿಗೂ ಹೇಳುವ ಅಗತ್ಯವಿಲ್ಲ.’

ಒಪ್ಪಂದ ಓದಿದೆ. ಮನೆಯ ಪರಿಮಳ ಮನೆಯವರ ಸ್ವತ್ತು, ಅದನ್ನು ಕಾಯುವ ಗಿರಣಿಯಂಥವರ ಒಪ್ಪಿಗೆಯಿಲ್ಲದೆ ಯಾರೂ ಮಾರುವಂತಿಲ್ಲ ಎಂದು ಆ ಹೊತ್ತಿಗೆ ಕಾನೂನು ಬಂದಿತ್ತು. ಕಳ್ಳನಿಗೆ ಬೇಕಾಗಿದ್ದು ಆ ಒಪ್ಪಿಗೆ. ಶಿವಲೀಲವ್ವ ಹೆಬ್ಬೆರಳು ಒತ್ತಿದರೆ ನಾನೂರ ಹನ್ನೆರಡು ಮನೆಗಳ ಖಾರವೂ ಅವನದಾಗುತ್ತಿತ್ತು. ಅವನು ಅದನ್ನು ಪೊಟ್ಟಣ ಕಟ್ಟುವ ಯಾರಿಗೆ ಬೇಕಾದರೂ ಮಾರಿಕೊಳ್ಳಬಹುದಿತ್ತು. ಊರಿನವರಿಗೆ ಸುಳಿವೂ ಸಿಗುತ್ತಿರಲಿಲ್ಲ.

ಇಂಟರ್ನೆಟ್ಟಿನ ತಂತಿ ಕಿತ್ತೆ. ಪ್ರಯೋಜನವಾಗಲಿಲ್ಲ. ಒಳಗೆ ಆಗಲೇ ಅವನ ಬೀಗ ಬಿದ್ದಿತ್ತು, ಗಡಿಯಾರವೂ ಒಳಗೇ ಓಡುತ್ತಿತ್ತು. ನಕಲು ಇಡಲು ಕೊಟ್ಟಿದ್ದ ಇನ್ನೊಂದು ಪೆಟ್ಟಿಗೆ ಕೇಳಿದೆ. ಅದು ಗಿರಣಿಯ ಪಕ್ಕದಲ್ಲೇ, ಯಂತ್ರಕ್ಕೆ ಸಿಕ್ಕಿಸಿಕೊಂಡೇ ಕೂತಿತ್ತು.

“ಇದನ್ನ ಕಿತ್ತು ಮನ್ಯಾಗ ಇಡ್ರಿ ಅಂದಿದ್ನೆಲ್ರೀ!” ಎಂದು ರೇಗಿದೆ.

“ಸಣ್ಣ ದೀಪ ಉರೀತಿತ್ತು ಅದರಾಗ. ಆರಸಾಕ ಮನಸ ಆಗ್ಲಿಲ್ಲ,” ಎಂದರು ಶಿವಲೀಲವ್ವ.

ನಕಲಿಗೂ ಬೀಗ ಬಿದ್ದಿತ್ತು. ಯಾರು ಯಾವಾಗ ಒಳಹೊಕ್ಕರೆಂದು ಡಬ್ಬಿ ತಾನೇ ಬರೆದಿಡುವ ದಿನಚರಿಯನ್ನು ಇಳಿಸಿಕೊಂಡು ನಾನು ಠಾಣೆಗೆ ಓಡಿದೆ.

ನಮ್ಮ ಠಾಣೆಯ ಮುಖ್ಯಸ್ಥೆ ಪ್ರಭಾವತಿ ಮೇಡಂ ಮೈಸೂರಿನ ಕಡೆಯವರು. ಎಂಥ ಗದ್ದಲದಲ್ಲೂ ದನಿ ಏರಿಸುವವರಲ್ಲ. ದಿನಚರಿಯನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ ಒಂದೊಂದೇ ಸಾಲು ನೋಡುತ್ತ ಕೂತರು.

“ಯಾವ ಬೀಗಾನೂ ಒಡೆದಿಲ್ಲ ನದಾಫ್. ಕೀಲಿ ಹಾಕ್ಕೊಂಡು ಬಾಗಿಲಿಂದಾನೇ ಬಂದಿದಾನೆ. ಅದೂ ಈಗಲ್ಲ, ನವೆಂಬರಿನಲ್ಲೇ. ಸುಗ್ಗಿ ಬರಲಿ ಅಂತ ಐದು ತಿಂಗಳು ಸುಮ್ಮನೆ ಕಾದಿದಾನೆ.”

“ಚೀಟಿ ಅವರ ಟ್ರಂಕಿನಾಗ ಐತ್ರಿ ಮೇಡಂ. ಈಗ ನೋಡೇ ಬಂದೆ.”

“ಹನ್ನೆರಡನೇ ಪದ ಮಾತ್ರ ಎರಡು ಸಾವಿರ ಸಲ ತಪ್ಪು ಹೇಳಿ ಆಮೇಲೆ ಸರಿ ಹೇಳಿದಾನೆ. ಹನ್ನೊಂದು ಅವನಿಗೆ ಮೊದಲೇ ಗೊತ್ತಿತ್ತು. ಇದೇನು ವಿಚಿತ್ರ?”

ಆ ಪದಗಳ ಪಟ್ಟಿಯಲ್ಲಿ ಇರುವುದೇ ಎರಡು ಸಾವಿರ ಚಿಲ್ಲರೆ. ಹನ್ನೊಂದು ಗೊತ್ತಿದ್ದರೆ ಕೊನೆಯದನ್ನು ಹುಡುಕಲು ಯಂತ್ರಕ್ಕೆ ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಆದರೆ ಹನ್ನೊಂದು ಮಾತ್ರ ಹೇಗೆ ಗೊತ್ತಾಯಿತು? ಮೇಡಂ ನವೆಂಬರಿನಿಂದ ಹಿಂದಕ್ಕೆ ಹೋದರು. ಗಿರಣಿಯ ಹೆಸರಿನಲ್ಲಿ ಎಲ್ಲೆಲ್ಲಿ ಏನೇನು ಪ್ರಕಟವಾಗಿದೆ ಎಂದು ಹುಡುಕಿದರು. ನಮ್ಮ ತಾಲೂಕಿನ ವ್ಯಾಪಾರಿಗಳ ಫೋನ್ ಬಳಗದಲ್ಲಿ ಒಂದು ಫೋಟೋ ಸಿಕ್ಕಿತು.

ಆಯುಧ ಪೂಜೆಯ ಫೋಟೋ. ತೊಳೆದು ಒರೆಸಿದ ಗಿರಣಿ, ಅದಕ್ಕೆ ಚೆಂಡುಹೂವಿನ ಮಾಲೆ, ಬಾಳೆಕಂಬ. ಮುಂದೆ ಮಣೆಯ ಮೇಲೆ ತಕ್ಕಡಿ, ಜರಡಿ, ನಟ್ಟು ತಿರುಗಿಸುವ ಪಾನ. ಎಲ್ಲಕ್ಕೂ ನಡುವೆ, ವೀಳ್ಯದೆಲೆಯ ಮೇಲೆ ಒರಗಿಸಿಟ್ಟ ಒಂದು ಚೀಟಿ. ಮೇಡಂ ಅದನ್ನು ಹಿಗ್ಗಿಸಿದರು. ನನ್ನದೇ ಅಕ್ಷರ. ಮೊರ, ನವಿಲು, ಕಿಟಕಿ... ಹನ್ನೊಂದು ಪದಗಳು ಎದ್ದು ಕಾಣುತ್ತಿದ್ದವು. ಹನ್ನೆರಡನೆಯದರ ಮೇಲೆ ಭಕ್ತಿಯಿಂದ ಕುಂಕುಮ ಹಚ್ಚಿದ್ದರು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಚೀಟಿ ಕೊಡುವಾಗ ನಾನೇ ಹೇಳಿದ ಮಾತು ಕಿವಿಯಲ್ಲಿ ಗುಂಯ್ ಎಂದಿತು: ‘ಅಕ್ಕಾರ, ಗಿರಣಿ ಜೀವ ಇದರಾಗ ಐತಿ. ದೇವರಂಗ ನೋಡ್ಕೋರಿ.’ ಅವರು ಹಾಗೆಯೇ ನೋಡಿಕೊಂಡಿದ್ದರು. ಆಯುಧ ಪೂಜೆಯ ದಿನ ಸುತ್ತಿಗೆಯನ್ನೂ ಸ್ಕ್ರೂ ತಿರುವುವ ಕಡ್ಡಿಯನ್ನೂ ಪೂಜಿಸುವ ಮನೆಯಲ್ಲಿ, ಗಿರಣಿಯ ಜೀವವನ್ನು ಟ್ರಂಕಿನಲ್ಲಿ ಬಿಡುವುದುಂಟೇ?

“ನದಾಫ್, ಫೋಟೋ ಕೆಳಗೆ ಮೊದಲನೇ ನಮಸ್ಕಾರ ಯಾರದ್ದು, ನೋಡಿ,” ಎಂದರು ಮೇಡಂ.

ನೋಡಿದೆ. ಎರಡು ಕೈ ಜೋಡಿಸಿದ ಚಿತ್ರ, ಪಕ್ಕದಲ್ಲಿ ದಾವಲಸಾಬ ನದಾಫ ಎಂದು ನನ್ನ ಹೆಸರು. ಫೋಟೋ ಬಂದ ಎರಡು ನಿಮಿಷಕ್ಕೇ ಹಾಕಿದ್ದೆ. ಇನ್ನೂರ ಮೂವತ್ತು ಜನರ ಬಳಗದಲ್ಲಿ ಆ ಚೀಟಿ ಏನೆಂದು ತಿಳಿಯಬಲ್ಲ ಒಬ್ಬನೇ ಮನುಷ್ಯ ನಾನು. ಅದನ್ನು ನೋಡಿ, ಹೂವು ಚೆಂದ ಇದೆ ಎಂದುಕೊಂಡು, ಕೈಮುಗಿದು ಮುಂದೆ ಹೋಗಿದ್ದೆ. ಅಂದೇ ಫೋನು ಮಾಡಿ ಚೀಟಿ ಬದಲಾಯಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇದನ್ನೂ ದಾಖಲೆಯಲ್ಲಿ ಬರೀರಿ,” ಎಂದಷ್ಟೇ ಹೇಳಿ ಮೇಡಂ ಬೀಗ ಬಿಡಿಸುವ ಕೆಲಸಕ್ಕೆ ತಿರುಗಿದರು. ಅದು ಆಗುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಮನೆಗೆ ಹೋದೆ. ಹೆಂಡತಿ ಮೆಹಬೂಬಿ ರೊಟ್ಟಿ, ಜುಣಕ ಬಡಿಸಿದಳು. ತುತ್ತು ಒಳಗಿಳಿಯಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳಿಗೆ ಮುಖ ನೋಡಿದರೆ ಸಾಕು. ಏನಾಯಿತೆಂದು ಕೇಳಿದಳು, ಎಲ್ಲ ಹೇಳಿದೆ.

“ಶಿವಲೀಲವ್ವಗ ಹೇಳಿದ್ರಿ?”

“ಯಾವುದನ್ನ?”

“ನೀವು ಫೋಟೋ ನೋಡಿ ಕೈ ಮುಗದದ್ದನ್ನ.”

“ಈಗ ಹೇಳಿ ಏನಾಗೂದೈತಿ? ಮೊದಲ ಅಕಿ ತ್ರಾಸಿನಾಗ ಅದಾಳ.”

“ಏನೂ ಆಗೂದಿಲ್ಲ, ಖರೆ. ಆದ್ರ ಅಕಿ ತಪ್ಪೆಲ್ಲಾ ತಂದs ಅಂತ ತಿಳಕೊಂಡು ಕುಂತಿರ್ತಾಳ. ಅರ್ಧ ಭಾರ ನಿಮ್ಮದು ಐತಲ್ಲ, ಹೋಗಿ ಹೊರ್ರಿ,” ಎಂದು ತಾಟು ತೆಗೆದಳು.

ನಾಲ್ಕು ಗಂಟೆಗೆ ಗಿರಣಿಗೆ ಹೋದಾಗ ಶಿವಲೀಲವ್ವ ಯಂತ್ರದ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಹೊರಗೆ ಹೆಂಗಸರು ಇನ್ನೂ ಕಾಯುತ್ತಿದ್ದರು. ಕರೆಂಟಿನ ತೊಂದರೆ ಇರಬೇಕೆಂದು ಅವರ ಲೆಕ್ಕ. ಠಾಣೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಚೀಟಿ, ಕುಂಕುಮ, ನನ್ನ ನಮಸ್ಕಾರ, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವರು, “ಆ ಫೋಟೋಕ್ಕ ಮೊದಲ ನಿಮ್ಮದs ನಮಸ್ಕಾರ ಬಂದಿತ್ತು,” ಎಂದರು. “ಆವತ್ತು ಎಷ್ಟು ಖುಷಿ ಆಗಿತ್ತು ಗೊತ್ತೇನ್ರಿ ನನಗ? ಸಾಹೇಬ್ರು ಗಿರಣಿ ನೋಡಿದ್ರು ಅಂತ.”

ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ಈ ಮಾತಿಗೆ ನನ್ನ ಕಣ್ಣು ತುಂಬಿ ಬಂದವು.

“ಈಗ ಹೇಳ್ರಿ ದಾವಲಣ್ಣ. ಹೆಬ್ಬೆಟ್ಟು ಒತ್ತಿದ್ರ ಗಿರಣಿ ಚಾಲೂ ಆಕ್ಕೈತಿ. ಒತ್ತದಿದ್ರ?”

“ಎಲ್ಲಾ ಅಳಸಿ ಹೊಕ್ಕೈತಿ. ಖಾಲಿ ಯಂತ್ರ ಉಳೀತೈತಿ. ಹೊಸಾದಾಗಿ ಕಲಸಬೇಕು. ಜನ ಬಂದ್ರ.”

“ಬರಲಿಲ್ಲಂದ್ರ ಗಿರಣಿ ಮುಚ್ಚಿದಂಗ.”

“ಹೌದ್ರಿ.”

ಅವರು ಎದ್ದು ಸೆರಗು ಸರಿಪಡಿಸಿಕೊಂಡು ಅಂಗಳಕ್ಕೆ ನಡೆದರು. ನಾನು ಹಿಂದೆ ಹೋದೆ.

“ಅವ್ವಾರ, ಅಕ್ಕಾರ, ಒಂದು ಮಾತು ಕೇಳ್ರಿ,” ಎಂದರು. “ನೀವು ನನ್ನ ಕಡೆ ಇಟ್ಟಿದ್ದ ಮನಿ ಖಾರ ಕಳುವಾಗೈತಿ. ಕೀಲಿ ಚೀಟಿ ನಾನs ಪೂಜಾಕ್ಕಿಟ್ಟು ಫೋಟೋ ಹಾಕಿದ್ನಿ. ಅದನ್ನ ನೋಡಿ ಕಳ್ಳ ಒಳಗ ಹೊಕ್ಕಾನ. ನಿಮ್ಮ ಖಾರ ಎಲ್ಲಾ ಅವನಿಗೆ ಬರದು ಕೊಟ್ರ ಗಿರಣಿ ಬಿಡ್ತಾನಂತ. ಇಲ್ಲಂದ್ರ ಆರಕ್ಕ ಎಲ್ಲಾ ಅಳಸ್ತಾನಂತ. ನಿಮ್ಮ ವಸ್ತು ಬರದು ಕೊಡಾಕ ನಾನ್ಯಾರು? ನಾ ಒತ್ತಂಗಿಲ್ಲ. ತಪ್ಪು ನಂದು. ಇನ್ನ ನಿಮ್ಮ ಬಾಯಿಗೆ ಬಂದದ್ದು ಅನ್ರಿ.”

ನನ್ನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಬರುವುದಿಲ್ಲ ಎಂದು ತಿಳಿದಾಗ ನಾನೇ ಮುಂದೆ ಬಂದು, ಚೀಟಿಯ ಫೋಟೋ ನೋಡಿಯೂ ಗುರುತಿಸದ ಮೂರ್ಖ ನಾನು, ಊರಿಗೆಲ್ಲ ಬುದ್ಧಿ ಹೇಳುವವನು, ಎಂದು ಎಲ್ಲರೆದುರು ಹೇಳಿದೆ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಾಲಿನಲ್ಲಿ ಮೊದಲು ನಿಂತಿದ್ದವಳು ತಿಪ್ಪವ್ವ. ಅರವತ್ತೈದರ ಹೆಂಗಸು. ಅವಳ ಬಾಯಿಗೆ ಇಡೀ ಓಣಿ ಹೆದರುತ್ತದೆ.

“ನಮ್ಮತ್ತಿ ಕೈ ಖಾರ ಅದು!” ಎಂದು ಕೂಗಿದಳು. “ಒಂದು ಚೀಟಿ ಕಾಯಾಕ ಆಗ್ಲಿಲ್ಲ ನಿನಗ, ಶಿವಲೀಲಾ?” ಎಂದವಳೇ ತನ್ನ ಚೀಲವನ್ನು ಎತ್ತಿ ಸೊಂಟಕ್ಕೇರಿಸಿ ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟುಗಳಷ್ಟೇ ಉಳಿದವು.

ಆರು ಗಂಟೆಗೆ ಅಳಿಸುವುದು ಶುರುವಾಯಿತು. ಪರದೆಯ ಮೇಲೆ ಮನೆತನದ ಹೆಸರುಗಳು ಒಂದೊಂದಾಗಿ ಬಂದು ಮಾಯವಾಗುತ್ತಿದ್ದವು. ಶಿವಲೀಲವ್ವ ಕಟ್ಟೆಯಿಂದ ಎದ್ದು ನಿಂತು ಅವನ್ನು ಗಟ್ಟಿಯಾಗಿ ಓದಿದರು. ಅಂಗಡಿಯವರು. ಬಣಕಾರರು. ಚಲವಾದಿಯವರು. ಹಡಪದವರು. ಒಂದೊಂದು ಹೆಸರಿಗೂ ಕೈಮುಗಿದರು. ಇಷ್ಟು ವರ್ಷ ನನಗೆ ಅನ್ನ ಹಾಕಿದಿರಿ ಎಂದು ನಡುನಡುವೆ ಅನ್ನುತ್ತಿದ್ದರು. ನದಾಫರು ಎಂದು ಬಂದಾಗ ನಾನು ಮುಖ ತಿರುಗಿಸಿದೆ. ನಾನೂರ ಹನ್ನೆರಡು ಹೆಸರು ಮುಗಿಯಲು ಅರ್ಧ ಗಂಟೆ ಹಿಡಿಯಿತು.

ಮರುದಿನ ಬೆಳಿಗ್ಗೆ ಡಬ್ಬಿಯ ನೆನಪನ್ನು ಪೂರ್ತಿ ತೊಳೆದು ಹೊಸ ಬೀಗ ಹಾಕಲು ಹೋದೆ. ಕಳ್ಳ ಹೊಕ್ಕ ಯಂತ್ರವನ್ನು ಹಾಗೇ ಬಿಡುವಂತಿಲ್ಲ. ಶಿವಲೀಲವ್ವ ಬಾಣಲೆ ತಿಕ್ಕುತ್ತಿದ್ದರು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ತಿಕ್ಕುತ್ತಿದ್ದರು. ಎಂಟು ಗಂಟೆಗೆ ತಿಪ್ಪವ್ವ ಚೀಲ ಹೊತ್ತು ಬಂದಳು. ಇನ್ನೂ ಬೈಗುಳ ಬಾಕಿ ಇರಬೇಕು ಎಂದು ನಾನು ಮೂಲೆಗೆ ಸರಿದೆ.

“ಅದು ಖಾಲಿ ಆತೇನ?” ಎಂದು ಡಬ್ಬಿಯತ್ತ ಗದ್ದ ತೋರಿಸಿದಳು.

“ಆತವ್ವ,” ಎಂದರು ಶಿವಲೀಲವ್ವ.

“ನಮ್ಮತ್ತಿ ಖಾರ ಪೂರಾ ಹೋತು?”

“ಹೋತು.”

ತಿಪ್ಪವ್ವ ಹೊರಗೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಟ್ಟೆಯ ಮೇಲೆ ಕೂತಳು. “ಅದರಾಗ ಲವಂಗ ಹೆಚ್ಚು ಇತ್ತು,” ಎಂದಳು. “ನನಗ ಲವಂಗದ ವಾಸನಿ ಬಂದ್ರ ತಲಿ ಹಿಡೀತೈತಿ. ನಲವತ್ತಾರು ವರ್ಷ ತಿಂದೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮತ್ತ ನಿನ್ನೆ ಅಷ್ಟು ಬೈದ್ಯಲ್ಲಬೇ?” ಎಂದೆ.

“ಬೈಬೇಕಲ್ಲೋ! ನಮ್ಮತ್ತಿ ಹೆಸರಿನದು ಕಳುವಾದ್ರ ಬೈಲಿಲ್ಲಂದ್ರ ಮಂದಿ ಏನಂದಾರು?” ಎಂದು ನನ್ನನ್ನೇ ಗದರಿ ಶಿವಲೀಲವ್ವನ ಕಡೆ ತಿರುಗಿದಳು. “ಅತ್ತಿ ಹೋಗಿ ಹದಿನೆಂಟು ವರ್ಷ ಆತು. ನನ್ನ ಹದಕ್ಕ ಮಾಡ್ಕೋಬೇಕಂತ ವರ್ಷಾ ಅಂದುಕೊಂಡು ಬರ್ತಿದ್ನಿ. ಮೊದಲ ಮನ್ಯಾಗಿನ ಗಂಡಸರು ಬಿಡಲಿಲ್ಲ, ಆಮ್ಯಾಲೆ ಈ ನಿನ್ನ ಯಂತ್ರ ನನ್ನನ್ನ ಕೇಳ್ತಿತ್ತ? ಗುಂಡಿ ಒತ್ತಿದ್ರ ಅಕಿ ಖಾರನs ಉಗುಳ್ತಿತ್ತು. ನಿನ್ನೆ ರಾತ್ರಿ ನಿದ್ದಿ ಹತ್ತಲಿಲ್ಲ ನನಗ. ಬಾಣಲಿ ಕಾಸು. ಲವಂಗ ಎರಡs ಎರಡು. ಎಳ್ಳು ಹಾಕು. ಬಳ್ಳೊಳ್ಳಿ ಹುರದು ಹಾಕು.”

ಶಿವಲೀಲವ್ವ ಕಣ್ಣೊರೆಸಿಕೊಂಡು ಬಾಣಲೆಯನ್ನು ಒಲೆಗೆ ಏರಿಸಿದರು. ಮೂರು ಸಲ ಹುರಿದು, ಎರಡು ಸಲ ಚೆಲ್ಲಿ, ಹನ್ನೊಂದು ಗಂಟೆಗೆ ತಿಪ್ಪವ್ವನ ಖಾರ ಹದಕ್ಕೆ ಬಂತು. ಚಿಟಿಕೆ ಬಾಯಿಗೆ ಹಾಕಿಕೊಂಡು ಅವಳು ಬಹಳ ಹೊತ್ತು ಮಾತಾಡಲಿಲ್ಲ. ತಿಪ್ಪವ್ವ ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಡಬ್ಬಿಯ ಗುಂಡಿ ಒತ್ತಿದಳು. ಮೂಗು ಮೂಸಿತು. ಪರದೆಯಲ್ಲಿ ಮನೆಯ ಹೆಸರು ಕೇಳಿತು. ಅಡ್ಡಹೆಸರು ಬರೆಯಲು ಹೋದ ನನ್ನ ಕೈ ತಡೆದು, “ತಿಪ್ಪವ್ವ ಅಂತ ಹಾಕು,” ಎಂದಳು.

ಹೀಗೆ ಒಂದನೆಯ ಮನೆ ಮರಳಿತು. ಆ ಬಾಯಿ ಸುಮ್ಮನಿರುತ್ತದೆಯೇ? ಸಂಜೆಯೊಳಗೆ ಐದು ಓಣಿಗೆ ಸುದ್ದಿ ಮುಟ್ಟಿತು. ಮರುದಿನ ಒಂಬತ್ತು ಜನ, ಅದರ ಮರುದಿನ ಮೂವತ್ತು. ಕೆಲವರು ಹಳೆಯ ಖಾರದ ಚಮಚೆಯಷ್ಟು ಉಳಿಕೆ ತಂದು ಅದನ್ನೇ ಕಲಿಸಿದರು. ಅವರಿಗೆ ಅದೇ ಪ್ರೀತಿ. ಆದರೆ ಅರ್ಧಕ್ಕಿಂತ ಹೆಚ್ಚು ಜನ, ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಸ್ವಲ್ಪ ಬೇರೆ ಮಾಡಲೇ ಎಂದು ಕೇಳಿದರು. ಕಳ್ಳನ ಹತ್ತಿರ ಉಳಿದದ್ದು ಅತ್ತೆಯಂದಿರ ಖಾರ. ಇಟ್ಟುಕೊಳ್ಳಲಿ, ಅವನ ಮನೆಗೂ ಒಬ್ಬ ಅತ್ತೆ ಬೇಕಲ್ಲ ಎಂದು ಗಿರಣಿಯಲ್ಲಿ ನಗೆಯೋ ನಗೆ.

ಕಳ್ಳ ಮಳೆಗಾಲದಲ್ಲಿ ಸಿಕ್ಕಿಬಿದ್ದ. ಒಪ್ಪಂದವಿಲ್ಲದ ಪರಿಮಳವನ್ನು ಕದ್ದುಮುಚ್ಚಿ ಮಾರಲು ಹೋದಾಗ, ಕೊಳ್ಳಲು ಬಂದವನೇ ಕಾಗದಪತ್ರ ಕೇಳಿದನಂತೆ. ಶಿವಲೀಲವ್ವ ಅಂದು ಹೆಬ್ಬೆರಳು ಒತ್ತಿದ್ದರೆ ಅವನ ಕೈಯಲ್ಲಿ ಆ ಕಾಗದಪತ್ರ ಇರುತ್ತಿತ್ತು.

ನಾವು ಗಿರಣಿಗೆ ಹೊಸ ಕಟ್ಟುಪಾಡು ಮಾಡಿದೆವು. ನಾನು ಹೇಳಿದ್ದಕ್ಕಿಂತ ಅವರು ಕಂಡುಕೊಂಡದ್ದೇ ಹೆಚ್ಚು. ನಕಲು ಪೆಟ್ಟಿಗೆಯನ್ನು ಯಂತ್ರದಿಂದ ಕಿತ್ತು ಬೇರೆ ಮನೆಯಲ್ಲಿಡಬೇಕು ಎಂದಾಗ ಶಿವಲೀಲವ್ವ, “ಹೆಪ್ಪು ಇಟ್ಟಂಗಲ್ಲೇನ್ರಿ ಇದು? ನಮ್ಮನಿ ಮೊಸರು ಕೆಟ್ರ ಬಾಜೂ ಮನಿಂದ ಹೆಪ್ಪು ತರ್ತೀವಿ. ಹಂಗಂತ ಮೊದಲs ಹೇಳಿದ್ರ ಆರು ವರ್ಷದ ಹಿಂದs ತಿಳೀತಿತ್ತು ನನಗ,” ಎಂದರು. ನಾನು ಪುಸ್ತಕದ ಭಾಷೆಯಲ್ಲಿ ಗಂಟಲು ಹರಿದುಕೊಂಡಿದ್ದೆ. ಈಗ ನಕಲು ಪೆಟ್ಟಿಗೆ ತಿಪ್ಪವ್ವನ ಜೋಳದ ಕಣಜದಲ್ಲಿ ಕೂತಿರುತ್ತದೆ. ಶನಿವಾರಕ್ಕೊಮ್ಮೆ ಗಿರಣಿಗೆ ಬಂದು ಹೊಸದನ್ನು ತುಂಬಿಕೊಂಡು ವಾಪಸು ಹೋಗುತ್ತದೆ. ಹನ್ನೆರಡು ಪದ ಎರಡು ಚೀಟಿಯಾಗಿವೆ. ಆರು ಶಿವಲೀಲವ್ವನ ಹತ್ತಿರ, ಆರು ಯಾರ ಹತ್ತಿರ ಎಂದು ನನಗೂ ಗೊತ್ತಿಲ್ಲ, ಗೊತ್ತಿರಬಾರದು. ಗಿರಣಿಯ ಫೋನಿನಲ್ಲಿ ಗಿರಣಿಯ ಕೆಲಸ ಬಿಟ್ಟು ಇನ್ನೇನೂ ಮಾಡುವುದಿಲ್ಲ. ಆಯುಧ ಪೂಜೆಗೆ ವಾರ ಇರುವಾಗ ನಾನು ತಾಲೂಕಿನ ಅಂಗಡಿ ಅಂಗಡಿಗೆ ಹೋಗಿ, ಯಂತ್ರಕ್ಕೆ ಪೂಜೆ ಮಾಡಿ, ಚೀಟಿ ಟ್ರಂಕಿನಲ್ಲೇ ಇರಲಿ, ದೇವರಿಗೆ ಅಲ್ಲಿಂದಲೂ ಕಾಣಿಸುತ್ತದೆ ಎಂದು ಹೇಳಿ ಬರುತ್ತೇನೆ. ಈಗ ಸಿಡುಕುವುದಿಲ್ಲ. ಯಾರಾದರೂ ತಪ್ಪು ಮಾಡಿದರೆ ನನ್ನ ನಮಸ್ಕಾರದ ಕಥೆಯನ್ನು ಮೊದಲು ಹೇಳುತ್ತೇನೆ. ಆಮೇಲೆ ಅವರು ತಮ್ಮದನ್ನು ಮುಚ್ಚಿಡದೆ ಹೇಳುತ್ತಾರೆ.

ಆ ವರ್ಷ ಮೆಹಬೂಬಿಯ ಸರದಿ ಬಂದದ್ದು ಒಂಬತ್ತನೆಯ ದಿನ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ನಮ್ಮವ್ವನ ಖಾರ. ಅವ್ವ ತೀರಿಕೊಂಡ ಮೇಲೂ ಅದೇ ಇರಲೆಂದು ಹಟ ಹಿಡಿದವನು ನಾನು. ಅದನ್ನು ಮೂಗಿಗೆ ಕಲಿಸಿದವನೂ ನಾನೇ. ಮೆಹಬೂಬಿ ಒಂದು ದಿನವೂ ಬೇಡವೆಂದಿರಲಿಲ್ಲ. ಅಡುಗೆಮನೆಯ ಖಾರದ ಡಬ್ಬಿಯ ತಳದಲ್ಲಿ ಹಳೆಯದು ಒಂದು ಹಿಡಿ ಉಳಿದಿತ್ತು. ಅದನ್ನು ಒಯ್ದು ಕಲಿಸಿಕೊಂಡು ಬರುತ್ತಾಳೆ ಎಂದುಕೊಂಡಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತೆ. ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ. ಮೊದಲ ತುತ್ತಿಗೇ ಗೊತ್ತಾಯಿತು. ಕೊಬ್ಬರಿ ಹಿಂದೆ ಸರಿದಿತ್ತು, ಜೀರಿಗೆ ಮುಂದೆ ಬಂದಿತ್ತು. ಖಾರ ನಾಲಿಗೆಗೆ ಹೊಡೆಯದೆ ನಿಧಾನವಾಗಿ ಏರುತ್ತಿತ್ತು. ಕೊನೆಯಲ್ಲಿ ಏನೋ ಒಂದು ಸಣ್ಣ ಹುಳಿ, ಅದೇನೆಂದು ನನಗೆ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷ ನನ್ನ ಮನೆಯ ಒಲೆಯ ಮುಂದೆ ನಿಂತವಳ ಕೈರುಚಿ ಇದೇ ಮೊದಲ ಸಲ ನನ್ನ ಬಾಯಿಗೆ ಬಂದಿತ್ತು. ಎಷ್ಟೋ ಅಂಗಡಿಗಳ ಗುಪ್ತಪದಗಳನ್ನು ಕಾದವನು, ಹೆಂಡತಿಗೆ ಯಾವ ಖಾರ ಸೇರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳು ಒಲೆಯ ಹತ್ತಿರ ಬೆನ್ನು ಮಾಡಿ ನಿಂತು ರೊಟ್ಟಿ ತಿರುವುತ್ತಿದ್ದಳು. ಅದೇ ರೊಟ್ಟಿಯನ್ನು ನಾಲ್ಕನೆಯ ಸಲ ತಿರುವುತ್ತಿದ್ದಳು.

“ಇದು ಅವ್ವನ ಖಾರ ಅಲ್ಲ,” ಎಂದೆ.

“ಅಲ್ಲ,” ಎಂದಳು ತಿರುಗದೆ.

“ಗಿರಣ್ಯಾಗ ಏನಂತ ಹೆಸರು ಹಚ್ಚಿಸಿ ಬಂದಿ?”

“ಮೆಹಬೂಬಿ ಅಂತ.”

“ಛಲೋ ಆತು,” ಎಂದೆ. ಇನ್ನೊಂದು ತುತ್ತು ಮುರಿದೆ. “ಇಷ್ಟು ವರ್ಷ ನಾ ಕೇಳಲಿಲ್ಲ, ನೀ ಹೇಳಲಿಲ್ಲ. ಭಾಳ ಛಲೋ ಐತಿ. ನೀನೂ ತಾಟು ಹಚ್ಕೊಂಡು ಬಾ.”

ಅವಳು ಒಲೆ ಆರಿಸಿ, ತನಗೂ ತಾಟು ಹಚ್ಚಿಕೊಂಡು, ನನ್ನ ಎದುರಿಗೆ ಕೂತು ಉಂಡಳು.